ತೋಟದ ನಾಯಿ ಬಯಲಿಗೆ ಬಂದಾಗ

ನೆಂಟರು ಊರಿಗೆ ಹೋಗುವಾಗ ಹಸುವನ್ನೋ ಎತ್ತನ್ನೋ ನಮ್ಮ ಮನೆಗೆ ಹೊಡೆದುಕೊಂಡು ಬಂದು ಕಟ್ಟಿ ಹೋಗುವುದು ನಮ್ಮ ಕಡೆ ಹೊಸದಲ್ಲ. ಅದಕ್ಕೆ ಬಾಯಿಮಾತಿನ ಕಟ್ಟುಪಾಡೂ ಇರುತ್ತದೆ. ಗೊಬ್ಬರ ಸಾಕಿದವನಿಗೆ, ಹಾಲು ಇಷ್ಟು ದಿನ ಇವರಿಗೆ, ಕಾಯಿಲೆ ಬಂದರೆ ಖರ್ಚು ಅವರದು ಅಂತ ಮೊದಲೇ ಮಾತಾಗಿರುತ್ತದೆ. ನಾಯಿಗೆ ಮಾತ್ರ ಇಂಥದ್ದೇನೂ ಇಲ್ಲ. ಯಾಕೆಂದರೆ ನಮ್ಮೂರ ನಾಯಿಯನ್ನು ಯಾರೂ ಎಲ್ಲಿಗೂ ಒಯ್ದು ಬಿಡುತ್ತಿರಲಿಲ್ಲ. ಮನೆಯವರು ಇಲ್ಲದಿದ್ದರೆ ಪಕ್ಕದ ಮನೆ ಜಗಲಿ ಮೇಲೆ ಮಲಗುತ್ತಿತ್ತು. ಈಗ ದುಡ್ಡು ಕೊಟ್ಟು ತಂದ ತಳಿ ನಾಯಿಗಳು ನಮ್ಮ ರೈತರ ಮನೆಗಳಿಗೂ ಬಂದಿವೆ. ಮನೆಯವರು ಯಾತ್ರೆಗೋ, ಮಗಳ ಬಾಣಂತನಕ್ಕೋ ಹೊರಟರೆ ಇವನ್ನು ಯಾರ ಮನೆಯಲ್ಲಿ ಬಿಡುವುದು ಅನ್ನುವ ಪ್ರಶ್ನೆ ಏಳುತ್ತದೆ. 'ನಾಯಿ ತಾನೆ, ಒಂದು ಮುದ್ದೆ ಹಾಕಿದರಾಯ್ತು' ಅಂತ ಒಪ್ಪಿಕೊಳ್ಳುವವರಿಗೆ ನನ್ನ 19 ದಿನದ ಅನುಭವ ಉಪಯೋಗಕ್ಕೆ ಬರಬಹುದು.

ನಮ್ಮಕ್ಕನ ಮನೆ ತರೀಕೆರೆ ಕಡೆ. ಅಡಿಕೆ ತೋಟ, ಸುತ್ತ ತಂತಿ ಬೇಲಿ. ನಮ್ಮದು ಕಡೂರು ತಾಲೂಕು, ಬಾಸೂರು ಕಾವಲಿಗೆ ಒಂದೆರಡು ಮೈಲಿ ಈಚೆ. ರಾಗಿ, ಅವರೆ, ತೊಗರಿ, ಹುರಳಿಯ ಬಯಲು ಹೊಲ. ಬೀರೂರು ಜಂಕ್ಷನ್ನಿನಲ್ಲಿ ರೈಲು ದಾರಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ಹುಬ್ಬಳ್ಳಿಗೆ. ಭೂಮಿಯೂ ಅಲ್ಲಿಂದಲೇ ಎರಡಾಗುತ್ತದೆ ಅಂದರೆ ತಪ್ಪಿಲ್ಲ. ಆ ಕಡೆ ತೋಟ, ಮರ, ಭದ್ರಾ ಕಾಡು. ಈ ಕಡೆ ಕಣ್ಣು ಹಾಯಿಸಿದಷ್ಟೂ ಬಯಲು. ಒಂದು ಗಂಟೆ ದಾರಿಯ ಅಂತರ ಅಷ್ಟೆ, ಆದರೆ ನಾಯಿಗೆ ಇದು ಬೇರೆಯೇ ಲೋಕ ಅನ್ನುವುದು ಅದು ಬಂದ ಮೇಲೆ ತಿಳಿಯಿತು.

ಅಕ್ಕ ಭಾವ ಸಂಕ್ರಾಂತಿ ಮುಗಿಸಿ ಕಾಶಿಗೆ ಹೊರಟರು. ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ಅಲ್ಲಿ ನಾಯಿ ಇಡುವಂತಿಲ್ಲ. ತೋಟ ನೋಡಿಕೊಳ್ಳುವ ಆಳಿಗೆ ನಾಯಿ ಕಂಡರೆ ಭಯ. ಉಳಿದವನು ನಾನು. "ತಮ್ಮಾ, ನಿನಗೆ ತೊಂದರೆ ಏನಿಲ್ಲ ಕಣೋ, ತುಂಬಾ ಪಾಪದ್ದು" ಅಂದಳು ಅಕ್ಕ. ಪಾಪದ್ದು ಅನ್ನುವುದು ನಿಜವೇ. ನಾಯಿಯ ಹೆಸರು ರಾಕಿ. ನನ್ನ ಹೆಂಡತಿಯ ಬಾಯಲ್ಲಿ ಎರಡೇ ದಿನಕ್ಕೆ 'ರಾಕ' ಆಯಿತು.

ಇದು ಎಂಥ ನಾಯಿ

ರಾಕಿ ಮುಧೋಳ ನಾಯಿ, ಎರಡೂವರೆ ವರ್ಷದ ಗಂಡು. ಬಾಗಲಕೋಟೆ ಜಿಲ್ಲೆ ಮುಧೋಳದ ಕಡೆಯ ಬೇಟೆ ತಳಿ. ಅಲ್ಲಿನ ಘೋರ್ಪಡೆ ರಾಜಮನೆತನದವರು ಕಾಪಾಡಿ ಬೆಳೆಸಿದ ತಳಿ ಇದು. ಕರವಾನಿ ಅಂತಲೂ ಕರೆಯುತ್ತಾರೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆ ಚೀಟಿ ತಂದಿತು. 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಆಮೇಲೆ ನಮ್ಮ ಕಡೆಯೂ ಈ ನಾಯಿ ಸಾಕುವ ಆಸೆ ಹೆಚ್ಚಿತು. ನನ್ನ ಅಳಿಯ (ಅಕ್ಕನ ಮಗ) ತೋಟಕ್ಕೆ ಬರುವ ಮಂಗ ಓಡಿಸಲಿಕ್ಕೆ ಅಂತ ತಂದಿದ್ದ.

ನೋಡಲಿಕ್ಕೆ ಬಡಕಲು. ಉದ್ದ ಕಾಲು, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಕಡೆಯ ಪಕ್ಕೆಲುಬುಗಳು ಒಂದೆರಡು ಕಾಣುತ್ತವೆ. ಬಂದ ದಿನದಿಂದ ನಮ್ಮೂರಿನವರು "ಏನ್ರೀ, ನೆಂಟರ ನಾಯಿಗೆ ಊಟ ಹಾಕ್ತಿಲ್ವಾ?" ಅಂತ ಕೇಳುವುದೇ ಆಯಿತು. ಈ ಮಾತಿಗೆ ನಾಚಿಕೊಂಡು ಎರಡು ಮುದ್ದೆ ಜಾಸ್ತಿ ಹಾಕಿದರೆ ನಾಯಿ ಕೆಡುತ್ತದೆ. ಓಟದ ಹೋರಿಗೆ ಬೊಜ್ಜು ಬಂದರೆ ಏನಾಗುತ್ತದೋ ಅದೇ ಇದಕ್ಕೂ.

ಮುಖ್ಯವಾದ ಸಂಗತಿ ಏನೆಂದರೆ, ಇದು ಮೂಸಿ ಹುಡುಕುವ ನಾಯಿಯಲ್ಲ, ಕಂಡು ಅಟ್ಟುವ ನಾಯಿ. ಅರ್ಧ ಮೈಲಿ ಆಚೆ ಏನಾದರೂ ಓಡಿದರೆ ಕಿವಿ ನೆಟ್ಟಗಾಗಿ ಮೈಯೆಲ್ಲ ಬಿಗಿಯುತ್ತದೆ. ಅಕ್ಕನ ತೋಟದಲ್ಲಿ ಇದು ಯಾರಿಗೂ ಗೊತ್ತೇ ಆಗಿರಲಿಲ್ಲ. ಅಡಿಕೆ ಸಾಲಿನ ಮಧ್ಯೆ ನಿಂತರೆ ಎಷ್ಟು ದೂರ ಕಂಡೀತು? ಹತ್ತು ಮರ. ಆಮೇಲೆ ಬೇಲಿ. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಮೂರು ಊರಿನ ಕುರಿ ಕಾಣುತ್ತವೆ. ಅದೂ ಮಾಘದ ಹೊತ್ತು. ರಾಗಿ ಕೊಯ್ದು ಹೊಲವೆಲ್ಲ ಕೂಳೆ. ಗೊಬ್ಬರಕ್ಕಾಗಿ ಹೊಲ ಹೊಲಕ್ಕೆ ಕುರಿ ಮಂದೆ ನಿಲ್ಲಿಸುವ ಕಾಲ. ನಾಯಿ ಅದೇ, ನಾವು ಅದಕ್ಕೆ ತೋರಿಸಿದ್ದು ಬೇರೆ.

ಮೊದಲ ಮೂರು ದಿನ

ಮೊದಲ ರಾತ್ರಿ ಊಟ ಮುಟ್ಟಲಿಲ್ಲ. ಬೊಗಳಲೂ ಇಲ್ಲ, ಸಣ್ಣಗೆ ಕುಂಯ್ ಅಂತ ರಾಗ ಎಳೆಯುತ್ತಾ ಬಾಗಿಲು ಕೆರೆಯಿತು. ಅಕ್ಕ ತನ್ನ ಒಂದು ಹಳೇ ಸೀರೆ, ಅದು ಮಲಗುವ ಗೋಣಿ ತಾಟು ಎರಡನ್ನೂ ಒಗೆಯದೆ ಕಳಿಸಿದ್ದಳು. ಒಗೆಯದೆ ಕಳಿಸಿದ್ದೇ ಒಳ್ಳೆಯದಾಯಿತು. ಆ ವಾಸನೆಗೆ ಎರಡನೇ ರಾತ್ರಿ ಸುರುಳಿ ಸುತ್ತಿ ಮಲಗಿತು. ಮೂರನೇ ದಿನ ಮಜ್ಜಿಗೆ ಕಲಸಿದ ಮುದ್ದೆ ತಿಂದಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಶಿಯಿಂದ ದಿನಾ ಸಂಜೆ ಫೋನು. "ಅವನ ಕಿವಿಗೆ ಹಿಡಿಯೋ, ಮಾತಾಡ್ತೀನಿ" ಅಂತ ಅಕ್ಕ. ಹಿಡಿದೆ. ದನಿ ಕೇಳಿದ್ದೇ ತಡ ಮನೆಯೊಳಗೆಲ್ಲ ಹುಡುಕಿ, ಅಟ್ಟದ ಏಣಿ ಹತ್ತಿ, ಬೀದಿ ಬಾಗಿಲ ಮುಂದೆ ನಿಂತು ರಾತ್ರಿ ಹತ್ತರ ತನಕ ರಾಗ. ಅಕ್ಕನಿಗೆ ನೇರವಾಗಿ ಹೇಳಿದೆ: "ಅಕ್ಕಾ, ನೀನು ನನ್ನ ಹತ್ರ ಎಷ್ಟು ಬೇಕಾದ್ರೂ ಮಾತಾಡು. ಅದರ ಹತ್ರ ಬೇಡ." ಅವಳಿಗೆ ಬೇಜಾರಾಯಿತು. ನಾಯಿಗೆ ನಿದ್ದೆ ಬಂತು.

ಕುರಿ ಮಂದೆಯ ಸಂಗತಿ

ನಾಲ್ಕನೇ ದಿನ ಬೆಳಿಗ್ಗೆ. ಕಣದ ಅಂಚಿನ ಜಾಲಿ ಮರಕ್ಕೆ ನಾಯಿ ಕಟ್ಟಿತ್ತು, ಹಗ್ಗ ಗಟ್ಟಿ, ಗಂಟು ಗಟ್ಟಿ. ಪಕ್ಕದ ಹೊಲದಲ್ಲಿ ಮಂದೆ ನಿಲ್ಲಿಸಿದ್ದವರು ಕುರಿ ಬಿಟ್ಟರು. ಇನ್ನೂರು ಕುರಿ ಧೂಳೆಬ್ಬಿಸಿಕೊಂಡು ಎದ್ದವು. ನಾಯಿ ಮುಂದಕ್ಕೆ ಎಳೆಯಲಿಲ್ಲ, ಹಿಂದಕ್ಕೆ ಎಳೆಯಿತು. ಕಿವಿ ಮಡಚಿ ತಲೆಯನ್ನು ಕುತ್ತಿಗೆಪಟ್ಟಿಯಿಂದ ಸರಕ್ಕನೆ ಹೊರಗೆ ತೆಗೆಯಿತು. ಪಟ್ಟಿ ಹಗ್ಗದಲ್ಲಿ ನೇತಾಡುತ್ತಿತ್ತು, ನಾಯಿ ಹೊಲದ ಮಧ್ಯೆ ಇತ್ತು.

ಈ ತಳಿಯ ತಲೆ ಕಿರಿದು, ಕುತ್ತಿಗೆಯೇ ದಪ್ಪ. ಅಂಗಡಿಯ ಮಾಮೂಲಿ ಪಟ್ಟಿ ಇದಕ್ಕೆ ನಿಲ್ಲುವುದಿಲ್ಲ. ಅಕ್ಕನ ತೋಟಕ್ಕೆ ಬೇಲಿ ಇದ್ದುದರಿಂದ ಪಟ್ಟಿ ಬರೀ ಶೋಕಿಗೆ ಇತ್ತು. ನಾಯಿಯನ್ನು ತಂದುಬಿಡುವವರೂ ಇಟ್ಟುಕೊಳ್ಳುವವರೂ ಮೊದಲು ನೋಡಬೇಕಾದ್ದು ಇದನ್ನೇ.

ನಾಯಿ ಯಾವ ಕುರಿಗೂ ಬಾಯಿ ಹಾಕಲಿಲ್ಲ. ಆದರೆ ಮಂದೆ ಚೆಲ್ಲಾಪಿಲ್ಲಿಯಾಯಿತು. ಒಂದು ಗಬ್ಬದ ಕುರಿ ಕೃಷಿ ಹೊಂಡದ ಏರಿಯಿಂದ ಉರುಳಿ ಬಿತ್ತು. ಕುರಿಯವನು ಅನುಭವಸ್ಥ. ನಾಯಿಯನ್ನು ಅಟ್ಟಲು ಹೋಗಲಿಲ್ಲ, ಕಲ್ಲು ಬೀರಲಿಲ್ಲ. ತನ್ನ ಕೂಗು ಹಾಕಿ ಕುರಿಗಳನ್ನು ಗುಂಪು ಕಟ್ಟಿಸಿ ನಿಲ್ಲಿಸಿದ. ಕುರಿ ನಿಂತವು, ನಾಯಿಯೂ ನಿಂತಿತು. ಓಡುವುದು ನಿಂತ ಮೇಲೆ ಅದಕ್ಕೆ ಏನು ಮಾಡಬೇಕೋ ತಿಳಿಯದೆ ನಾಲಿಗೆ ಇಳಿಬಿಟ್ಟುಕೊಂಡು ನೋಡುತ್ತಾ ನಿಂತುಬಿಟ್ಟಿತು. ನಾನು ಹೋಗಿ ಟವೆಲ್ಲು ಕೊರಳಿಗೆ ಸುತ್ತಿ ಕರೆತಂದೆ.

ಎರಡು ದಿನದ ಮೇಲೆ ಆ ಕುರಿ ಕಂದು ಹಾಕಿತು. ಎರಡು ಮರಿ. ಕುರಿಯವನು ಮನೆ ಬಾಗಿಲಿಗೆ ಬಂದು ಹೇಳಿದ: "ಯಜಮಾನ್ರೆ, ನಾಯಿ ಕಚ್ಚಿಲ್ಲ, ನಿಜ. ಕುರಿ ಹೆದರಿದ್ದೂ ನಿಜ." ಇದಕ್ಕೆ ಎದುರು ಮಾತಿಲ್ಲ. ನಾಯಿ ನನ್ನದಲ್ಲ ಅಂತ ಹೇಳಬಹುದಿತ್ತು. ಆದರೆ ಅದು ಇದ್ದದ್ದು ನನ್ನ ಕಣದಲ್ಲಿ. ಅವನ ಮಂದೆ ವರ್ಷಾ ವರ್ಷಾ ನಮ್ಮ ಹೊಲಗಳಿಗೆ ಗೊಬ್ಬರ ಹಾಕಿ ಹೋಗುವಂಥದ್ದು. ಅವನ ಮನಸ್ಸು ಮುರಿದರೆ ಮುಂದಿನ ವರ್ಷ ಗೊಬ್ಬರಕ್ಕೆ ಎಲ್ಲಿಗೆ ಹೋಗಲಿ? ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಆರು ಸಾವಿರಕ್ಕೆ ತೀರ್ಮಾನ ಮಾಡಿ ಅವತ್ತೇ ಕೊಟ್ಟೆ. ಕಾಶಿಗೆ ಈ ಸುದ್ದಿ ಕಳಿಸಲಿಲ್ಲ. ಹಿಂದಿರುಗಿದ ಮೇಲೆ ಭಾವನಿಗೆ ಹೇಳಿದಾಗ ಅವರು ಪೂರ್ತಿ ಕೊಡಲು ಬಂದರು. ನಾನು ಅರ್ಧಕ್ಕೆ ಒಪ್ಪಿದೆ. ನೆಂಟರ ಮಧ್ಯೆ ದುಡ್ಡಿನ ಮಾತು ಕಷ್ಟ. ಅದಕ್ಕೇ ಈ ಮಾತು ನಾಯಿಯನ್ನು ಇಳಿಸುವ ದಿನವೇ ಆಗಬೇಕು: ಯಾರದಾದರೂ ಕೋಳಿ, ಕುರಿ, ಕರುವಿಗೆ ತೊಂದರೆಯಾದರೆ ಯಾರು ಕೊಡುವುದು ಅಂತ.

ಬಣವೆ ಹಿಂದೆ

ಅವತ್ತು ಮಧ್ಯಾಹ್ನ ಮಾಡಿದ ಮೊದಲ ಕೆಲಸ, ಕಟ್ಟುವ ಜಾಗ ಬದಲಿಸಿದ್ದು. ರಾಗಿ ಹುಲ್ಲಿನ ಬಣವೆಗೂ ಕೊಟ್ಟಿಗೆ ಗೋಡೆಗೂ ನಡುವೆ ಹದಿನೈದಡಿ ಜಾಗ ಇದೆ. ನೆರಳು ಉಂಟು. ಅಲ್ಲಿಂದ ಹೊಲ ಕಾಣುವುದಿಲ್ಲ, ಕೊಟ್ಟಿಗೆ ಬಾಗಿಲು, ನನ್ನ ಎತ್ತು, ಹೆಂಡತಿ ಓಡಾಡುವುದು ಮಾತ್ರ ಕಾಣುತ್ತದೆ. ಅಲ್ಲಿಗೆ ಕಟ್ಟಿದ ಅರ್ಧ ಗಂಟೆಗೆ ನಾಯಿ ಮಲಗಿತು. ಬೆಳಗಿನಿಂದ ಸಂಜೆವರೆಗೆ ಹಗ್ಗ ಕಡಿಯುತ್ತಾ, ನೆಲ ಕೆರೆಯುತ್ತಾ ಇದ್ದ ಪ್ರಾಣಿ ಇದೇನಾ ಅನ್ನಿಸಿತು. ಹುರುಪಿನ ನಾಯಿ, ಹುರುಪಿನ ನಾಯಿ ಅಂತ ಎಲ್ಲರೂ ಹೇಳುತ್ತಾರೆ. ಆ ಹುರುಪಿನಲ್ಲಿ ಮುಕ್ಕಾಲು ಪಾಲು ಕಣ್ಣಿನಿಂದ ಹುಟ್ಟುವಂಥದ್ದು. ಕಾಣುವುದನ್ನು ತಪ್ಪಿಸಿದರೆ ಉಳಿದ ಕಾಲು ಪಾಲಿಗೆ ಓಟ ಕೊಟ್ಟರೆ ಸಾಕು.

ಪಟ್ಟಿಯನ್ನು ಸಂತೆಯಲ್ಲಿ ಹಗ್ಗ-ಕಣ್ಣಿ ಮಾರುವವನ ಹತ್ತಿರ ಹೊಸದಾಗಿ ಮಾಡಿಸಿದೆ. ನಾಲ್ಕು ಬೆರಳಗಲದ ನವಾರು, ಎರಡು ತುದಿಗೂ ಕಬ್ಬಿಣದ ಬಳೆ, ಬಳೆಗಳ ಒಳಗೆ ಓಡುವ ಸಣ್ಣ ಹಗ್ಗದ ಕುಣಿಕೆ. ನಾಯಿ ಎಳೆದಷ್ಟೂ ಪಟ್ಟಿ ಸ್ವಲ್ಪ ಬಿಗಿಯುತ್ತದೆ, ತಲೆ ನುಸುಳುವುದಿಲ್ಲ. ನವಾರು ಅಗಲ ಇರುವುದರಿಂದ ಕುತ್ತಿಗೆ ಕೊಯ್ಯುವುದೂ ಇಲ್ಲ. ಹಾಕಿದ ಮೇಲೆ ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು.

ಇನ್ನು ಓಟ. ಈ ನಾಯಿಗೆ ದಿನವೆಲ್ಲ ತಿರುಗಾಟ ಬೇಕಾಗಿಲ್ಲ. ಹತ್ತು ನಿಮಿಷ ಪ್ರಾಣ ಬಿಟ್ಟು ಓಡಿದರೆ ಮೂರು ತಾಸು ನಿದ್ದೆ. ಬೆಳಿಗ್ಗೆ ಐದೂವರೆಗೆ, ಮಂದೆ ಏಳುವ ಮೊದಲು, ಉತ್ತಿದ್ದ ಮೇಲಿನ ಹೊಲಕ್ಕೆ ಕರೆದೊಯ್ಯುತ್ತಿದ್ದೆ. ಉತ್ತ ಮಣ್ಣು ಮೆತ್ತಗೆ, ಕಾಲಿಗೆ ಕೂಳೆ ಚುಚ್ಚುವುದಿಲ್ಲ. ಅರವತ್ತಡಿ ಹಗ್ಗ. ಒಂದು ತುದಿ ನನ್ನ ಕೈಯಲ್ಲಿ, ನಾನು ಮಧ್ಯದಲ್ಲಿ. ಗಳೆಯ ತುದಿಗೆ ಹಳೆಯ ಗೋಣಿ ತುಂಡು ಕಟ್ಟಿ ಸುತ್ತಲೂ ಎಳೆದರೆ ಮೊಲ ಕಂಡಂತೆ ಅಟ್ಟಿ ಅಟ್ಟಿ ಓಡುತ್ತಿತ್ತು. ಕೈಗೆ ಬಟ್ಟೆ ಸುತ್ತಿಕೊಳ್ಳದಿದ್ದರೆ ಹಗ್ಗ ಕೊಯ್ಯುತ್ತದೆ. ಹತ್ತು ನಿಮಿಷ ಓಟ, ಹತ್ತು ನಿಮಿಷ ನಡಿಗೆ, ಮತ್ತೆ ಹತ್ತು ನಿಮಿಷ. ಸಂಜೆ ಕತ್ತಲಾದ ಮೇಲೆ ಬರೀ ನಡಿಗೆ. ಇದನ್ನು ನೋಡಿ ನಕ್ಕವರು ಬಹಳ. ಐವತ್ತು ದಾಟಿದವನು ಮುಂಜಾನೆ ಗೋಣಿ ತಿರುಗಿಸುತ್ತಾ ನಿಂತರೆ ನಗದೆ ಇರುತ್ತಾರೆಯೇ?

ಓಟಕ್ಕೆ ಮೊದಲು ಹೊಟ್ಟೆ ತುಂಬ ಹಾಕಬಾರದು. ಎದೆ ಆಳವಾದ ನಾಯಿಗಳಿಗೆ ಉಂಡ ಕೂಡಲೇ ಓಡಿದರೆ ಹೊಟ್ಟೆ ಉಬ್ಬರಿಸಿ, ಕೆಲವೊಮ್ಮೆ ಜಠರವೇ ತಿರುಚಿಕೊಂಡು ಕೆಲವೇ ತಾಸಿನಲ್ಲಿ ಸಾಯುತ್ತವೆ ಅಂತ ಪಶು ಆಸ್ಪತ್ರೆ ಡಾಕ್ಟರು ಹೇಳಿದರು. ಓಡಿ ಬಂದು ಏದುಸಿರು ನಿಂತು ಒಂದು ಗಂಟೆ ಆದ ಮೇಲೆ ಊಟ. ದಿನಕ್ಕೆ ಎರಡು ಸಲ, ಸ್ವಲ್ಪ ಸ್ವಲ್ಪ.

ಅಜ್ಜಂಪುರದ ಅಮೃತಮಹಲ್ ಕೇಂದ್ರದಲ್ಲಿ ಹೋರಿಗರುಗಳನ್ನು ಹರಾಜು ಹಾಕುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಕಾವಲಿನಲ್ಲಿ ಮನುಷ್ಯರ ಕೈ ತಾಗದೆ ಬೆಳೆದ ಕರುಗಳು. ಮನೆಗೆ ತಂದ ಹೊಸದರಲ್ಲಿ ಹತ್ತಿರ ಸೇರಿಸುವುದಿಲ್ಲ. ಅದನ್ನು ಹೊಡೆದು ಪಳಗಿಸಿದವರನ್ನು ನಾನು ಕಂಡಿಲ್ಲ. ಹಳೆಯ ಸಾಧು ಎತ್ತಿನ ಜೊತೆ ಕಟ್ಟುತ್ತೇವೆ, ಅದರ ಪಕ್ಕ ಮೇಯಿಸುತ್ತೇವೆ, ಅದು ಹೋದ ಕಡೆ ಇದು ಹೋಗುತ್ತದೆ. ಇಲ್ಲೂ ಅದೇ ಉಪಾಯ. ನಮ್ಮನೆ ಕರಿಯ ಒಂಬತ್ತು ವರ್ಷದ ಊರ ನಾಯಿ, ಕುರಿ ಪಕ್ಕದಲ್ಲೇ ಮಲಗಿ ಏಳುವಂಥದ್ದು. ಎಂಟನೇ ದಿನದಿಂದ ಇಬ್ಬರನ್ನೂ ಜೊತೆಗೆ ಹಿಡಿದುಕೊಂಡು, ಕುರಿ ಮೇಯ್ದು ಮಲಗಿದ ಹೊತ್ತಿನಲ್ಲಿ ಮಂದೆಯಿಂದ ದೂರದಲ್ಲಿ ಕೂರುತ್ತಿದ್ದೆ. ದಿನಾ ನಾಲ್ಕು ಮಾರು ಹತ್ತಿರ. ಕರಿಯ ಆಕಳಿಸುತ್ತಿದ್ದ, ರಾಕಿ ಅವನನ್ನು ನೋಡುತ್ತಿದ್ದ. ಹದಿನೈದನೇ ದಿನಕ್ಕೆ ಮಲಗಿದ ಕುರಿಗಳ ಮುಂದೆ ರಾಕಿಯೂ ಮಲಗಿದ. ಓಡುವ ಕುರಿಗಳ ಮುಂದೆ ಬಿಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕಾವಲಿನ ಪಕ್ಕದಲ್ಲಿ

ಕುರಿಯದಾದರೆ ದುಡ್ಡು ಕೊಟ್ಟು ಮುಗಿಸಿದೆ. ಅದಕ್ಕಿಂತ ದೊಡ್ಡ ಚಿಂತೆ ಕಾವಲಿನದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲುಗಳಲ್ಲಿ ಬಾಸೂರು ಕಾವಲೂ ಒಂದು. 2011ರಲ್ಲಿ ಸರ್ಕಾರ ಇದನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಮಾಡಿತು. ಅಲ್ಲಿ ಕೃಷ್ಣಮೃಗ ಇವೆ, ತೋಳ ಇವೆ, ಮೊಲ ಸಾಕಷ್ಟು. ಕೃಷ್ಣಮೃಗ ಕಾವಲಿನಲ್ಲೇ ಕೂತಿರುವುದಿಲ್ಲ. ನಸುಕಿನಲ್ಲಿ ನಮ್ಮ ತೊಗರಿ, ಹುರಳಿ ಹೊಲಕ್ಕೂ ಬರುತ್ತವೆ. ಅದರ ಮೇಲೆ ನಮಗೆ ಸಿಟ್ಟು ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕೃಷ್ಣಮೃಗ ಮೊದಲನೇ ಪಟ್ಟಿಯ ಪ್ರಾಣಿ, ಹುಲಿಯ ಸಾಲಿನಲ್ಲಿದೆ. ಬೇಟೆಗೆ ಕಡಿಮೆ ಅಂದರೂ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. ಕೋವಿಯಿಂದ ಹೊಡೆದರೆ ಮಾತ್ರ ಬೇಟೆ, ನಾಯಿ ಬಿಟ್ಟು ಹಿಡಿಸಿದರೆ ಅಲ್ಲ ಅಂತ ಯಾರೂ ತಿಳಿಯಬಾರದು.

ಕೃಷ್ಣಮೃಗ, ಮೊಲ ಅಟ್ಟಲಿಕ್ಕೆಂದೇ ಬೆಳೆಸಿದ ತಳಿಯನ್ನು ಕೃಷ್ಣಮೃಗದ ಬಾಗಿಲಿಗೆ ತಂದು ಕಟ್ಟಿದ ಹಾಗಾಯಿತು ನಮ್ಮ ಸ್ಥಿತಿ. ಹತ್ತನೇ ದಿನ ಬೆಳಿಗ್ಗೆ ಮಂಜಿನಲ್ಲಿ ಐದು ಹೆಣ್ಣು, ಒಂದು ಕರೀ ಗಂಡು ನಮ್ಮ ಬದುವಿನ ಆಚೆ ನಿಂತಿದ್ದವು. ನಾನು ಕಾಣುವುದಕ್ಕೆ ಮೊದಲು ರಾಕಿ ಕಂಡಿದ್ದ. ಸದ್ದು ಮಾಡಲಿಲ್ಲ. ಹಗ್ಗ ತಂತಿಯ ಹಾಗೆ ಬಿಗಿಯಾಯಿತು. ನಾನು ಕೂತು, ಕಾಲನ್ನು ಬದುವಿಗೆ ಒತ್ತಿ ಹಿಡಿದೆ. ಅವು ನೆಗೆಯುತ್ತಾ ಹೋದವು. ಅದಾದ ಮೇಲೂ ಕಾಲು ಗಂಟೆ ನಾಯಿಯ ತೊಡೆ ನಡುಗುತ್ತಿತ್ತು. ಹೊಸ ಪಟ್ಟಿ ಅವತ್ತು ಉಳಿಸಿತು. ಅಂದಿನಿಂದ ಓಟದ ಜಾಗವನ್ನು ಊರ ಕಡೆಯ ತಗ್ಗು ಹೊಲಕ್ಕೆ ಬದಲಾಯಿಸಿದೆ. ಅಲ್ಲಿಂದ ಕಾವಲು ಕಾಣುವುದಿಲ್ಲ.

ನಾಯಿ ಬಂದಿದೆ ಅಂತ ಸುದ್ದಿ ಹಬ್ಬಿದ ಮೇಲೆ ಪಕ್ಕದೂರಿನ ಮೂವರು ಹುಡುಗರು ಬೈಕಿನಲ್ಲಿ ಬಂದರು. "ದೊಡ್ಡಪ್ಪ, ಒಂದು ರಾತ್ರಿ ಮಟ್ಟಿಗೆ ಕೊಡಿ, ಬೆಳಿಗ್ಗೆ ತಂದು ಕಟ್ತೀವಿ. ನಿಮಗೂ ಪಾಲು." ಮೊಲದ ಶಿಕಾರಿಗೆ. ಹಿಂದೆ ನಮ್ಮ ಕಡೆ ಹಬ್ಬದ ಬೇಟೆ ಅಂತ ಹೋಗುತ್ತಿದ್ದದ್ದು ಉಂಟು, ನಮ್ಮಪ್ಪನ ಕಾಲದ ಕತೆಗಳನ್ನು ನಾನೂ ಕೇಳಿ ಬೆಳೆದವನೇ. ಈಗ ಮೊಲ ಹೊಡೆಯುವುದೂ ಅಪರಾಧ. ಅದಕ್ಕೂ ಮಿಗಿಲಾಗಿ, ಬ್ಯಾಟರಿ ಬೆಳಕಿನಲ್ಲಿ ನಾಯಿಗೆ ಮೊಲ ಯಾವುದು ಮರಿಜಿಂಕೆ ಯಾವುದು ಅಂತ ಯಾರು ಹೇಳಿಕೊಡುತ್ತಾರೆ? ಸಿಕ್ಕಿಬಿದ್ದರೆ ನಾಯಿ ಯಾರದು ಅಂತ ಕೇಳುತ್ತಾರೆ. ಒಡೆಯ ಕಾಶಿಯಲ್ಲಿ ಗಂಗೆಯಲ್ಲಿ ಮುಳುಗುತ್ತಿರುತ್ತಾನೆ, ನಾನು ಇಲ್ಲಿ. "ನೆಂಟರದ್ದಪ್ಪ, ನನ್ನದಲ್ಲ, ಕೊಡುವ ಅಧಿಕಾರ ನನಗಿಲ್ಲ" ಅಂದೆ. ಕುರಿಯವನ ಮುಂದೆ ಆಡದ ಮಾತು ಇಲ್ಲಿ ಕೆಲಸಕ್ಕೆ ಬಂತು. ಮೂರು ರಾತ್ರಿ ನಾಯಿಯನ್ನು ಒಳಗೇ ಹಾಕಿ ಬೀಗ ಹಾಕಿದೆ.

ಬೀಗ ಹಾಕಲು ಇನ್ನೊಂದು ಕಾರಣ ಚಿರತೆ. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಬಿಟ್ಟ ನಾಯಿ ಓಡಿಯಾದರೂ ಬದುಕಬಹುದು, ಕಟ್ಟಿದ್ದಕ್ಕೆ ಅದೂ ಇಲ್ಲ. ನೆಂಟರ ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ, ಕೊಟ್ಟಿಗೆಗೆ ಬಾಗಿಲಿಲ್ಲದಿದ್ದರೆ ನಡುಮನೆಯಲ್ಲೇ ಮಲಗಲಿ.

ಊಟ, ಮದ್ದು

ಅಕ್ಕ ಕಳಿಸಿದ್ದ ಲಸಿಕೆ ಚೀಟಿ ನೋಡಿದ ಮೇಲೇ ನಾನು ಒಪ್ಪಿದ್ದು. ಹುಚ್ಚುನಾಯಿ ರೋಗದ ಲಸಿಕೆ ಮರಿಗೆ ಮೂರು ತಿಂಗಳಾದಾಗ ಮೊದಲ ಸಲ, ಆಮೇಲೆ ವರ್ಷ ವರ್ಷ ಹಾಕಿಸಬೇಕು. ಚೀಟಿ ಇಲ್ಲದ ನಾಯಿಯನ್ನು ಯಾವ ನೆಂಟರದ್ದಾದರೂ ಇಟ್ಟುಕೊಳ್ಳಬೇಡಿ. ನಮ್ಮ ಮನೆ ಮಕ್ಕಳ ಪ್ರಶ್ನೆ ಒಂದು, ಕಾವಲಿನ ತೋಳಗಳದ್ದು ಇನ್ನೊಂದು. ಊರ ನಾಯಿಯ ರೋಗ ತೋಳಕ್ಕೆ, ತೋಳದ್ದು ನಾಯಿಗೆ ಹೋಗುತ್ತದೆ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದಪುಡಿ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ 14 ಚುಚ್ಚುವ ಕಾಲ ಎಂದೋ ಹೋಯಿತು. ಈಗ ಚರ್ಮದಲ್ಲಿ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7, 28ನೇ ದಿನ ಹಾಕುತ್ತಾರೆ. ನಡುವೆ ಬಿಡಬಾರದು. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಬೇರೆ ಮದ್ದೂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ.

ಜಂತುಹುಳದ ಮದ್ದು ನಾಯಿ ಬರುವ ಮೊದಲೇ ಆಗಿರಬೇಕು. ಕುರಿ ಇರುವ ಊರಿಗಂತೂ ಇದು ಕಡ್ಡಾಯ. ಕುರಿ ಒಂದೇ ಕಡೆಗೆ ಗಿರಗಿರ ಸುತ್ತು ಹೊಡೆದು ಸಾಯುವ ಕಾಯಿಲೆ ನೋಡಿದ್ದೀರಲ್ಲ, ಅದರ ಹುಳ ನಾಯಿಯ ಹೊಟ್ಟೆಯಲ್ಲಿ ಬೆಳೆಯುವಂಥದ್ದು. ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಮಿದುಳಿಗೆ ಹೋಗುತ್ತದೆ. ಅಂಥ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಮತ್ತೆ ನಾಯಿಗೆ. ಕುರಿ ಕೊಯ್ದಾಗ ತಲೆ, ನೀರುಗುಳ್ಳೆ ಇರುವ ಈಲಿ ಇವನ್ನು ನಾಯಿಗೆ ಎಸೆಯಬಾರದು, ಹೂಳಬೇಕು.

ಈರುಳ್ಳಿ ವಿಷಯ ಡಾಕ್ಟರು ಹೇಳುವ ತನಕ ನಮ್ಮೂರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಜ್ಜಂಪುರ ಸೀಮೆಯಲ್ಲಿ ಈರುಳ್ಳಿ ಬೆಳೆಯದ ಹೊಲ ಕಡಿಮೆ, ಈರುಳ್ಳಿ ಇಲ್ಲದ ಸಾರೂ ಕಡಿಮೆ. ಆದರೆ ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಲಿ ಬೆಂದದ್ದಾಗಲಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಂದು ದಿನಕ್ಕೆ ಗೊತ್ತಾಗುವುದಿಲ್ಲ, ದಿನಾ ತಿಂದರೆ ಒಸಡು ಬಿಳುಚಿ, ಉಚ್ಚೆ ಕಂದು ಬಣ್ಣಕ್ಕೆ ತಿರುಗುತ್ತದಂತೆ. ನಮ್ಮ ಮನೆಯಲ್ಲಿ ನಾಯಿಗೆ ಮಜ್ಜಿಗೆ ಮುದ್ದೆಯೇ ಮೊದಲಿಂದ ರೂಢಿ. ಅದಕ್ಕೆ ದಿನಕ್ಕೊಂದು ಬೇಯಿಸಿದ ಮೊಟ್ಟೆ ಸೇರಿಸಿದೆ. ಬೇಯಿಸಿದ ಕೋಳಿ ಮೂಳೆ ಕೊಡಲಿಲ್ಲ, ಅದು ಸೀಳಿ ಕರುಳಿಗೆ ಚುಚ್ಚುತ್ತದೆ.

ಉಣುಗು ನೋಡುವುದು ನನ್ನ ಹೆಂಡತಿಯ ಕೆಲಸ. ಕಿವಿಯೊಳಗೆ, ಬೆರಳ ಸಂದಿನಲ್ಲಿ, ಬಾಲದ ಬುಡದಲ್ಲಿ. ತೋಟದಲ್ಲಿ ಇರದಷ್ಟು ಉಣುಗು ನಮ್ಮ ಕುರಿ ಹೊಲಗಳಲ್ಲಿ ಇದ್ದವು. ಇನ್ನು ಇಲಿ ಪಾಷಾಣ, ಹಂದಿಗೆ ಇಡುವ ಉರುಳು, ಸಿಡಿಮದ್ದು. ಊರ ನಾಯಿಗೆ ಇವು ಎಲ್ಲಿವೆ ಅಂತ ಗೊತ್ತಿರುತ್ತದೆ, ಹೊಸಬನಿಗೆ ಗೊತ್ತಿಲ್ಲ. ಅಕ್ಕಪಕ್ಕದ ಹೊಲದವರನ್ನು ಕೇಳಿ ತಿಳಿದುಕೊಂಡೆ. ಇಬ್ಬರು ಇಟ್ಟಿದ್ದನ್ನು ಹೇಳಿದರು, ಒಬ್ಬರು 'ಇಲ್ಲ' ಅಂದರು. ಆ ಒಬ್ಬರ ಹೊಲದ ಕಡೆಗೂ ಹೋಗಲಿಲ್ಲ.

ಹತ್ತೊಂಬತ್ತನೇ ದಿನ ಅಕ್ಕ ಭಾವ ಕಾಶಿ ದಾರ, ಗಂಗೆಯ ತಂಬಿಗೆ ಹಿಡಿದು ನೇರ ನಮ್ಮ ಮನೆಗೇ ಬಂದರು. ನಾಯಿಗೆ ಸುಮ್ಮನಿರಿಸಲು ಅರ್ಧ ಗಂಟೆ ಬೇಕಾಯಿತು. ಭಾವ ಹೊಸ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಅಂಥದ್ದೇ ಇನ್ನೊಂದು ಮಾಡಿಸಿಕೊಡು ಅಂದರು. ಬರುವ ಕಾರ್ತಿಕದಲ್ಲಿ ರಾಮೇಶ್ವರಕ್ಕೆ ಹೋಗುವ ಯೋಚನೆ ಇದೆಯಂತೆ. ಆಗಲಿ ಅಂದಿದ್ದೇನೆ. ಆದರೆ ಹೊರಡುವುದಕ್ಕೆ ಹದಿನೈದು ದಿನ ಮೊದಲು ಒಂದು ಸಲ ಎರಡು ರಾತ್ರಿ ತಂದು ಬಿಟ್ಟು ಹೋಗಬೇಕು, ಜಂತು ಮದ್ದು ಆಗಿರಬೇಕು, ಅಕ್ಕ ಫೋನಿನಲ್ಲಿ ನಾಯಿಯ ಜೊತೆ ಮಾತಾಡಬಾರದು. ಕಾರ್ತಿಕದಲ್ಲಿ ರಾಗಿ ಇನ್ನೂ ಹೊಲದಲ್ಲೇ ಇರುತ್ತದೆ, ಮಂದೆ ನಿಲ್ಲಿಸಿರುವುದಿಲ್ಲ. ಆಗ ಬಣವೆಯೂ ಕರಗಿ ಮುಕ್ಕಾಲು ಖಾಲಿಯಾಗಿರುತ್ತದೆ. ಆ ಜಾಗಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟಬೇಕು ಅಂತ ಮಾಡಿದ್ದೇನೆ.